ಪಶ್ಚಿಮಕ್ಕೆ ಬಾಯಿ ತೆರೆದ ಚಪ್ಪರ

ಫೋರ್ಮನ್ ಕಾಕಾ ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಎಂದೋ ಕಾರ್ಖಾನೆಯಲ್ಲಿ ಕಬ್ಬಿಣದ ಪಟ್ಟಿಯ ಕೆಳಗೆ ಸಿಕ್ಕಿ, ಕಪ್ಪಾಗಿ, ದಪ್ಪವಾಗಿ, ಮತ್ತೆ ನೆಟ್ಟಗೆ ಬೆಳೆಯದೇ ಹೋದ ಉಗುರು. ಆ ಉಗುರಿನಿಂದ ಅವರು ಕಂಡದ್ದನ್ನೆಲ್ಲ ಕುಟ್ಟುತ್ತಿದ್ದರು. ಗೇಟು, ನಲ್ಲಿಯ ಪೈಪು, ಕಲ್ಲಂಗಡಿ ಹಣ್ಣು, ಅಂಗಡಿಯವನ ತಕ್ಕಡಿ. ಕುಟ್ಟಿ, ಕತ್ತು ಓರೆ ಮಾಡಿ ಸದ್ದು ಕೇಳಿಸಿಕೊಂಡು, ತೀರ್ಪು ಕೊಡುತ್ತಿದ್ದರು. ಒಳ್ಳೆಯ ತೀರ್ಪು ಕೊಟ್ಟದ್ದನ್ನು ನಾನಂತೂ ಒಮ್ಮೆಯೂ ಕೇಳಲಿಲ್ಲ.

ನಾವು ಈ ಮನೆಗೆ ಬಂದ ದಿನ, ಒಲೆಯ ಮೇಲಿನ ಹಾಲು ಇನ್ನೂ ಉಕ್ಕಿರಲಿಲ್ಲ, ಪಕ್ಕದ ಮನೆಯಿಂದ ಬಂದು ನಮ್ಮ ಗೇಟು ಕುಟ್ಟಿದರು. "ಈ ಬಿಜಾಗರಿ ಒಂದ ತಿಂಗಳ. ಆಮ್ಯಾಲ ಗೇಟ ನಿಮ್ಮ ಕಾಲ ಮ್ಯಾಲ" ಎಂದರು. ಗೃಹಪ್ರವೇಶಕ್ಕೆ ಬಂದವರು ಆಡುವ ಮಾತೇ ಇದು? ಇಪ್ಪತ್ತು ದಿನಕ್ಕೆ ಬಿಜಾಗರಿ ಕಿತ್ತು ಬಂತು. ಹೇಳಿದ್ದು ನಿಜವಾಯಿತಲ್ಲ ಎಂದು ಯಾರಾದರೂ ಮೆಚ್ಚಿಕೊಳ್ಳಬಹುದು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಅಪಶಕುನದ ಬಾಯಿ ಎಂದು ಅಂದೇ ತೀರ್ಮಾನ ಮಾಡಿಬಿಟ್ಟೆ. ಇಲ್ಲಿ ನಾನು 'ಅವರು, ಅವರು' ಎಂದು ಬರೆಯುತ್ತಿರುವುದು ಅವರ ವಯಸ್ಸಿಗೆ ಕೊಡುತ್ತಿರುವ ಮರ್ಯಾದೆ. ಮನಸ್ಸಿನಲ್ಲಿ ನಾನು ಆ ಮನುಷ್ಯನನ್ನು ಬಹುವಚನದಲ್ಲಿ ಕರೆದದ್ದು ಕಡಿಮೆ.

ನಮ್ಮ ಕಾಲೊನಿ ಹೈದರಾಬಾದಿನ ಗಚ್ಚಿಬೌಲಿಯಿಂದ ಇನ್ನೂ ಆಚೆಗಿದೆ. ಕೇಂದ್ರ ಸರ್ಕಾರದ ಕಾರ್ಖಾನೆಯೊಂದರ ನೌಕರರು ಸೇರಿ ನಿವೇಶನ ಮಾಡಿಕೊಂಡ ಜಾಗ. ಅರ್ಧದಷ್ಟು ಮನೆಗಳು ನಮ್ಮ ಕಡೆಯವರವು. ಬಾಗಲಕೋಟೆ, ವಿಜಯಪುರ, ರಾಯಚೂರು. ನಾನು ರಾಯಚೂರಿನವಳು, ಕಾಕಾ ಬಾಗಲಕೋಟೆಯವರು. ಕಬ್ಬಿಣ ಕತ್ತರಿಸಿ ಬೆಸೆಯುವ ವಿಭಾಗಕ್ಕೆ ಅವರು ಫೋರ್ಮನ್ ಆಗಿದ್ದರು. ನಮ್ಮ ಮನೆಯವರು ಹತ್ತು ವರ್ಷ ಅವರ ಕೈಕೆಳಗೆ ದುಡಿದವರು. ಕಾಕಾ ನಿವೃತ್ತರಾಗಿ ಎಷ್ಟೋ ವರ್ಷವಾದರೂ, ಗೋಡೆಯ ಆಚೆಯಿಂದ ಅವರ ದನಿ ಕೇಳಿದರೆ ಸಾಕು, ನನ್ನ ಗಂಡ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು. "ಸಾಹೇಬ್ರು ಹೇಳ್ತಾರಂದ್ರ ಅದರಾಗ ಏನರ ಇರತೈತಿ" ಎನ್ನುವುದು ಅವರ ಮಾತು. "ಹಂಗಾದ್ರ ಅವರ ಜೋಡಿನ ಸಂಸಾರ ಮಾಡ್ರಿ" ಎನ್ನುವುದು ನನ್ನದು.

ನಾನು ಪಾಠ ಹೇಳುತ್ತಿದ್ದ ಸಣ್ಣ ಶಾಲೆ ಮುಚ್ಚಿದ ಮೇಲೆ ಮನೆಯಲ್ಲಿ ಕೂತು ಹುಚ್ಚು ಹಿಡಿಯುವಂತಾಗಿತ್ತು. ಹಿತ್ತಲಿನ ಮೂಲೆಯಲ್ಲಿ ಸೊಂಟದೆತ್ತರಕ್ಕೆ ಇಟ್ಟಿಗೆ ಕಟ್ಟಿಸಿ, ನಾಂಪಲ್ಲಿಯ ಜನವರಿ ಎಕ್ಸಿಬಿಷನ್ನಿನಲ್ಲಿ ಕೊಂಡಿದ್ದ ಕಬ್ಬಿಣದ ಜಾಲರಿಯನ್ನು ಅದರ ಮೇಲೆ ಕೂರಿಸಿದೆ. ಶನಿವಾರ, ಭಾನುವಾರ ಸಂಜೆ ಅದರಲ್ಲಿ ಇದ್ದಿಲು ಕೆಂಡ. ಕೆಂಡದ ಮೇಲೆ ಮಸಾಲೆ ತುಂಬಿದ ಬದನೆಕಾಯಿ, ಮೆಕ್ಕೆತೆನೆ, ಕೋಳಿ. ಜೊತೆಗೆ ಜೋಳದ ರೊಟ್ಟಿ. ಗಚ್ಚಿಬೌಲಿಯ ಆಫೀಸುಗಳಲ್ಲಿ ದುಡಿಯುವ ನಮ್ಮ ಕನ್ನಡದ ಹುಡುಗ ಹುಡುಗಿಯರು ರೊಟ್ಟಿಯ ವಾಸನೆ ಹಿಡಿದು ಬೈಕಿನಲ್ಲಿ ಬಂದರು. ಮೂರು ತಿಂಗಳಲ್ಲಿ, ಗುರುವಾರವೇ ಹೇಳಿಡದಿದ್ದರೆ ರೊಟ್ಟಿ ಸಿಗುವುದಿಲ್ಲ ಎನ್ನುವಂತಾಯಿತು. ನನ್ನ ಹೆಸರಿನಲ್ಲಿ, ನನ್ನ ಕೈಯಿಂದ ನಡೆದ ಮೊದಲ ಕೆಲಸ ಅದು. ಆದರೆ ಮೇಲೆ ಬಯಲು. ಜೂನ್ ಬಂತು, ಮಳೆ ಬಂತು, ಒಲೆ ತುಂಬ ಬೂದಿಯ ರಾಡಿ. ಒಂದರ ಹಿಂದೊಂದು ಎರಡು ಶನಿವಾರ ಹಾಳಾದವು. ಮೂರನೆಯದೂ ಹೋದರೆ ಗಿರಾಕಿಗಳು ಬೇರೆ ದಾರಿ ನೋಡಿಕೊಳ್ಳುತ್ತಾರೆ ಎಂದು ನನಗೆ ಗೊತ್ತಿತ್ತು. ಒಲೆಯ ಮೇಲೆ ಒಂದು ಚಪ್ಪರ ಬೇಕೇ ಬೇಕಾಯಿತು.

ಹೈದರಾಬಾದಿನಲ್ಲಿ ದೇವರನ್ನು ನಂಬದವರು ಸಿಕ್ಕಾರು, ವಾಸ್ತು ನಂಬದವರು ಸಿಗುವುದಿಲ್ಲ. ನಮ್ಮ ಅತ್ತೆಯವರು ಇಲ್ಲಿ ಮೂವತ್ತು ವರ್ಷ ಇದ್ದು ಅದನ್ನು ಅರೆದು ಕುಡಿದಿದ್ದರು. ಒಲೆ ಆಗ್ನೇಯ ಮೂಲೆಯಲ್ಲಿದೆ, ಅದು ಸರಿ. ಆದರೆ ಚಪ್ಪರದ ನೀರು ಪೂರ್ವಕ್ಕೇ ಬೀಳಬೇಕು. "ಪಶ್ಚಿಮ ಎತ್ತರ, ಪೂರ್ವ ತಗ್ಗು. ತಿರುವುಮುರುವು ಆತಂದ್ರ ಮನಿ ಯಜಮಾನಗ ಕೇಡು" ಎಂದರು. ಹಾಗೆಂದ ಮೇಲೆ ಯಾವ ಹೆಂಡತಿ ಬೇಡ ಎಂದಾಳು? ಅಲ್ಲದೆ ನನಗೂ ಅದು ಅನುಕೂಲವಾಗಿತ್ತು. ನಮ್ಮ ಅಡುಗೆಮನೆಯ ಬಾಗಿಲು ಒಲೆಯಿಂದ ಪಶ್ಚಿಮದ ಕಡೆಗೇ ಇದೆ. ತಲೆ ಬಗ್ಗಿಸದೆ ನೇರವಾಗಿ ಒಲೆಯ ಹತ್ತಿರ ಹೋಗಬಹುದು. ಓಣಿಯ ತಿರುವಿನಲ್ಲಿರುವ ವೆಲ್ಡಿಂಗ್ ಅಂಗಡಿಯವನನ್ನು ಕರೆಸಿದೆ. ಗಟ್ಟಿ ನಿಲ್ಲುತ್ತದೇನಪ್ಪಾ ಎಂದು ಕೇಳಿದರೆ "ಏಂ ಕಾದಮ್ಮಾ" ಎಂದ. ಏನೂ ಆಗಲ್ಲಮ್ಮ ಎಂದು. ನಾಲ್ಕು ಪೈಪುಗಳನ್ನು ಒಂದು ಗೇಣು ಆಳಕ್ಕೆ ಹುಗಿದು, ಮೇಲೆ ಆರು ತಗಡು ಹಾಸಿ, ಒಂದೇ ದಿನದಲ್ಲಿ ಕೆಲಸ ಮುಗಿಸಿ ಹೋದ.

ನಮ್ಮ ಪೂರ್ವದ ಗೋಡೆಯ ಆಚೆಗೇ ಫೋರ್ಮನ್ ಕಾಕಾ ಅವರ ಹಿತ್ತಲು. ಅವರು ಇಡೀ ದಿನ ಒಂದು ಕಲ್ಲಿನ ಮೇಲೆ ನಿಂತು, ಗೋಡೆಯ ಮೇಲಿಂದ ಮುಖ ಹಾಕಿ ನೋಡಿದ್ದರು. ವೆಲ್ಡಿಂಗಿನವನು ಹೋದದ್ದೇ ತಡ, ಕೈ ಚಾಚಿ ಪೈಪನ್ನು ಕುಟ್ಟಿದರು.

"ಯಾರ ಹೇಳಿದ್ರು ಹಿಂಗ ಇಡಾಕ?"

"ವಾಸ್ತು ಐತ್ರಿ" ಎಂದೆ.

"ಮಳಿಗಾಲದಾಗ ಗಾಳಿ ಎಲ್ಲಿಂದ ಬರತೈತಿ?"

ನಾನು ನೆಲದ ಮೇಲಿನ ತಗಡಿನ ಚೂರು ಆರಿಸತೊಡಗಿದೆ.

"ಪಶ್ಚಿಮದಿಂದ ಬರತೈತಿ. ನೀ ಪಶ್ಚಿಮಕ್ಕ ಬಾಯಿ ತಗದು ಕುಂದರಿಸಿದಿ. ಒಳಗ ಹೊಕ್ಕ ಗಾಳಿ ಎಲ್ಲಿ ಹೋಗಬೇಕು? ಗಾಳಿಗೆ ವಾಸ್ತು ಗೊತ್ತಿಲ್ಲವಾ. ತಗಡು ಎತ್ತತೈತಿ, ಎತ್ತಿ ನನ್ನ ಮನಿಗೆ ಒಗೀತೈತಿ."

"ನಿಮ್ಮ ಬಾಯಾಗ ಒಂದ ಛಲೋ ಮಾತು ಬರೂದಿಲ್ಲೇನ್ರಿ ಕಾಕಾ?"

"ಛಲೋ ಕೆಲಸ ಮಾಡು, ಛಲೋ ಮಾತು ಬರತೈತಿ. ಬಿಚ್ಚಸು ಅದನ್ನ."

"ಬಿಚ್ಚಸೂದಿಲ್ಲ."

ಅವರು ನನ್ನ ಗಂಡನನ್ನು ಕರೆದು ಅದನ್ನೇ ಹೇಳಿದರು. ನನ್ನ ಗಂಡ ಐದು ನಿಮಿಷದಲ್ಲಿ ಒಪ್ಪಿಕೊಂಡು ಬಂದರು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಊಟಕ್ಕೆ ಕರೆಯಲಿಲ್ಲ. ಬೇರೆ ಯಾರ ಬಾಯಿಂದ ಬಂದಿದ್ದರೂ ಆ ಮಾತನ್ನು ನಾನು ಕೇಳುತ್ತಿದ್ದೆ. ಇವತ್ತು ಅದು ನನಗೆ ಗೊತ್ತಿದೆ. ಆ ಬಾಯಿಂದ ಬಂತಲ್ಲ, ಅದೇ ತಪ್ಪಾಯಿತು. ಮರುದಿನ ವೆಲ್ಡಿಂಗಿನವನನ್ನು ಮತ್ತೆ ಕರೆಸಿ, ಮೂಲೆಗೊಂದು ಬೋಲ್ಟು ಹೆಚ್ಚಿಗೆ ಹಾಕಿಸಿದೆ. ಪೈಪುಗಳ ಬುಡ ಮಾತ್ರ ಗೇಣು ಆಳದಲ್ಲೇ ಉಳಿಯಿತು. ಜಿದ್ದಿಗೆ ಹಾಕಿಸಿದ ಬೋಲ್ಟು ಯಾವ ಕಬ್ಬಿಣವನ್ನು ಹಿಡಿದೀತು?

ಎರಡು ಶನಿವಾರ ಮಳೆ ಬಂತು, ಚಪ್ಪರ ನಿಂತಿತು, ರೊಟ್ಟಿ ಖರ್ಚಾದವು. ನಾನು ಗೆದ್ದೆ ಎಂದುಕೊಂಡೆ. ಒಂದು ತಟ್ಟೆಯಲ್ಲಿ ಎರಡು ರೊಟ್ಟಿ, ಬದನೆಕಾಯಿ ಇಟ್ಟು ಗಂಡನ ಕೈಯಲ್ಲಿ ಕಾಕಾ ಅವರ ಮನೆಗೆ ಕಳಿಸಿದೆ. ಪ್ರೀತಿಗಲ್ಲ, ಹಂಗಿಸಲಿಕ್ಕೆ. ಮುಚ್ಚಿದ ತಟ್ಟೆ ಮುಚ್ಚಿದಂತೆಯೇ ವಾಪಸು ಬಂತು. ಅವರ ಹೆಂಡತಿ, ನಾವೆಲ್ಲ ಕಾಕು ಎನ್ನುತ್ತಿದ್ದವರು, ಕಾಕಾ ಹೊರಗೆ ಹೋದಾಗ ಗೋಡೆಯ ಮೇಲಿಂದ ಕೈ ಚಾಚುತ್ತಿದ್ದರು. "ಒಂದ ಮುಳಗಾಯಿ ಕೊಡ ತಂಗಿ, ಅವರ ಮುಂದ ಹೇಳಬ್ಯಾಡ" ಎನ್ನುತ್ತಿದ್ದರು. ಆ ಮನೆಯಲ್ಲಿ ಒಬ್ಬರಾದರೂ ಮನುಷ್ಯರಿದ್ದಾರೆ ಎಂದು ನಾನು ಎರಡು ಬದನೆಕಾಯಿ ಕೊಡುತ್ತಿದ್ದೆ.

ಮೂರನೆಯ ಶನಿವಾರ ಮಧ್ಯಾಹ್ನವೆಲ್ಲ ಬಿಸಿಲಿತ್ತು. ನಾಲ್ಕು ಗಂಟೆಯ ಹೊತ್ತಿಗೆ, ಹನಿ ಬೀಳುವ ಮೊದಲೇ, ಧೂಳು ಎದ್ದಿತು. ನಾನು ಬದನೆಕಾಯಿ ತಿರುವಿ ಹಾಕುತ್ತಿದ್ದೆ. ಗಾಳಿ ನನ್ನ ಬೆನ್ನ ಹಿಂದಿನಿಂದ ಚಪ್ಪರದೊಳಕ್ಕೆ ನುಗ್ಗಿತು. ತಗಡು ಒಮ್ಮೆ ಮೇಲೆದ್ದು ಕೂತಿತು. ಎರಡನೇ ಸಲ, ನಾಲ್ಕು ಪೈಪುಗಳೂ ಮೂಲಂಗಿ ಕಿತ್ತಂತೆ ನೆಲದಿಂದ ಕಿತ್ತು ಬಂದವು. ಇಡೀ ಚಪ್ಪರ ನನ್ನ ತಲೆಯ ಮೇಲಿಂದ ಹಾರಿ ಗೋಡೆ ದಾಟಿದ್ದನ್ನು ಕಣ್ಣಾರೆ ನೋಡಿದೆ. ದೊಡ್ಡ ಸದ್ದಾಯಿತು. ಅದರ ಹಿಂದೆಯೇ ಕಾಕು ಚೀರಿದರು.

ನಾನು ಓಡಿ ಸುತ್ತು ಹಾಕಿ ಹೋಗುವಷ್ಟರಲ್ಲಿ ಓಣಿಯವರು ಸೇರಿದ್ದರು. ಕಾಕಾ ನೆಲದ ಮೇಲೆ ಬಿದ್ದಿದ್ದರು, ಬಲಗೈ ಮೇಲೆ ಪೈಪು. ಸುತ್ತಮುತ್ತ ಕೆಂಪು ಮೆಣಸಿನಕಾಯಿ. ಅರ್ಧ ಮೆಣಸಿನಕಾಯಿ ಒಂದು ಹಳೆಯ ಸೀರೆಯೊಳಗಿದ್ದವು, ಅರ್ಧ ಹಿತ್ತಲ ತುಂಬ ಚೆಲ್ಲಿದ್ದವು. ಕಾಕು ಒಣಹಾಕಿದ್ದ ಮೆಣಸಿನಕಾಯಿಯನ್ನು ಮಳೆ ಬರುವುದರೊಳಗೆ ಒಳಗೆ ತೆಗೆಯಲು ಕಾಕಾ ಬಂದಿದ್ದರು ಎಂದು ಕುರುಡರಿಗೂ ತಿಳಿಯುತ್ತಿತ್ತು. ಬಣ್ಣಗೆಟ್ಟ ಮುಖವನ್ನು ಎತ್ತಿ ಅವರು ನನ್ನನ್ನೇ ನೋಡಿದರು.

"ನೀನ. ನೀನ ಮುರದಿ."

ನಾನು ಏನೆಂದೆ ಗೊತ್ತೆ? ಹತ್ತು ಜನರೆದುರು, ಕೈಮುರಿದು ಬಿದ್ದ ಮುದುಕನಿಗೆ, "ಗಾಳಿ ಬೀಸಿದ್ರ ನಾ ಏನ್ ಮಾಡ್ಲಿ? ಗಾಳ್ಯಾಗ ತಮಾಷಿ ನೋಡಾಕ ಹೊರಗ ಬರ್ರಿ ಅಂತ ನಿಮಗ ಯಾರ ಹೇಳಿದ್ರು?" ಎಂದೆ. ಹಾಗೆ ಅನ್ನುವಾಗ ನಾನು ಅವರ ಮೆಣಸಿನಕಾಯಿಯ ಮೇಲೆಯೇ ನಿಂತಿದ್ದೆ. ಥೂ ನನ್ನ ಬಾಳೇ ಎಂದು ಆಮೇಲೆ ಎಷ್ಟು ಸಲ ಅಂದುಕೊಂಡಿದ್ದೇನೋ ಲೆಕ್ಕವಿಲ್ಲ. ಅವತ್ತು ಮಾತ್ರ ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಕೇಳಿದವರಿಗೆಲ್ಲ ಅದನ್ನೇ ಹೇಳಿದೆ.

ಆಪರೇಷನ್ ಮಾಡಿ ಕೈಗೆ ರಾಡು ಹಾಕಿದರು. ಎಲುಬು ಕೂಡಿತು, ಬೆರಳುಗಳು ಕೂಡಲಿಲ್ಲ. ಬಲಗೈ ಮುಷ್ಟಿ ಕಟ್ಟಲಾರದೆ ಹೋಯಿತು. ಅಂಗಿಯ ಗುಂಡಿಯನ್ನು ಕಾಕು ಹಾಕಬೇಕು, ಎಡಗೈಯಲ್ಲಿ ಚಮಚ ಹಿಡಿದು ಉಣ್ಣಬೇಕು. ಆಯುಷ್ಯವೆಲ್ಲ ಕಬ್ಬಿಣವನ್ನು ಕುಟ್ಟಿ ಮಾತಾಡಿಸಿದ ಮನುಷ್ಯನಿಗೆ ಬಾಗಿಲು ಬಡಿಯಲೂ ಆಗದಂತಾಯಿತು.

ಮೂರು ವಾರಕ್ಕೆ, ಕೈಯನ್ನು ಕೊರಳಿಗೆ ಕಟ್ಟಿಕೊಂಡು ನಮ್ಮ ಮನೆಗೆ ಬಂದರು. ನೇರ ಹಿತ್ತಲಿಗೆ ನಡೆದು, ಎಡಗೈಯಿಂದ ಪ್ಲಾಸ್ಟಿಕ್ ಕುರ್ಚಿ ಎಳೆದು ಕೂತರು.

"ಮತ್ತ ಕಟ್ಟಸ್ತಿ?"

"ಕಟ್ಟಸ್ತೀನ್ರಿ."

"ಗೊತ್ತಿತ್ತು. ಅದಕ್ಕ ಬಂದೀನಿ. ನಿನ್ನ ಸಲುವಾಗಿ ಅಲ್ಲ. ಇನ್ನೊಂದ ಕೈ ಉಳೀಬೇಕು ನಂದು."

ಐದು ದಿನ ಆ ಕುರ್ಚಿಯ ಮೇಲೆ ಕೂತರು. ಐದು ದಿನವೂ ಬೈದರು. ವೆಲ್ಡಿಂಗಿನವನು ಅಭ್ಯಾಸಬಲದಿಂದ "ಏಂ ಕಾದು" ಎಂದಾಗ, "ಏಂ ಕಾದು? ನಾ ಚೆಯ್ಯಿ ಚೂಡು!" ಎಂದು ಕೊರಳ ಕೈಯನ್ನು ಅವನ ಮೂಗಿಗೆ ಹಿಡಿದರು. ನನ್ನ ಕೈ ನೋಡು ಎಂದು. ಅವನು ಆಮೇಲೆ ಬಾಯಿ ತೆರೆಯಲಿಲ್ಲ. ಮೊಳಕಾಲು ಮುಳುಗುವಷ್ಟು ಆಳದ ನಾಲ್ಕು ಗುಂಡಿ ತೋಡಿಸಿದರು, ಕಾಂಕ್ರೀಟು ತುಂಬಿಸಿದರು, ಅದು ಗಟ್ಟಿಯಾಗುವ ತನಕ ಪೈಪನ್ನು ಯಾರೂ ಮುಟ್ಟಕೂಡದು ಎಂದರು. ಪಶ್ಚಿಮದ ಕಡೆ ತಗ್ಗು, ಪೂರ್ವದ ಕಡೆ ಎತ್ತರ. ಗಾಳಿ ಬರುವ ಕಡೆಗೆ ಬೆನ್ನು ಕೊಟ್ಟು ಕೂತಂತೆ ಚಪ್ಪರ. ಆ ಬೆನ್ನಿಗೆ ಒಂದು ತಗಡಿನ ಗೋಡೆ. ನೀರು ಈಗ ಪಶ್ಚಿಮಕ್ಕೆ ಬೀಳುತ್ತದೆ ಎಂದು ತಿಳಿದಾಗ ನಮ್ಮ ಅತ್ತೆ ಎದೆ ಬಡಿದುಕೊಂಡರು. "ಅಕ್ಕಾರ, ಯಜಮಾನಗ ಏನರ ಆದ್ರ ನನ್ನ ಹೆಸರಿಗೆ ಬರೀರಿ" ಎಂದರು ಕಾಕಾ. ಯಜಮಾನರಾದ ನನ್ನ ಗಂಡ ಅವರ ಪಕ್ಕದಲ್ಲೇ ಟೇಪು ಹಿಡಿದು, ಕಾರ್ಖಾನೆಯಲ್ಲಿ ನಿಂತಂತೆ ನಿಂತಿದ್ದರು.

ಬೋಲ್ಟುಗಳನ್ನು ಮಾತ್ರ ವೆಲ್ಡಿಂಗಿನವನಿಗೆ ಬಿಗಿಯಲು ಬಿಡಲಿಲ್ಲ. ಪಾನಾ ನನ್ನ ಕೈಗೆ ಕೊಡಿಸಿದರು. "ನೀನ ತಿರುವು. ನಾಳೆ ಹಾರಿದ್ರ ಮತ್ತ ಗಾಳಿ ಅನಬಾರದು." ಏಣಿ ಹತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದೊಂದಾಗಿ ತಿರುವಿದೆ. "ಇನ್ನೂ" ಎನ್ನುವರು. "ಇನ್ನೂ." ಒಂದು ಬೋಲ್ಟನ್ನು ಐದು ಸಲ ಬಿಚ್ಚಿಸಿ ಹಾಕಿಸಿದರು. ನನ್ನ ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆದವು. ಈ ಮುದುಕ ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದು ಹಲ್ಲು ಕಚ್ಚಿಕೊಂಡು ತಿರುವಿದೆ. ಸೇಡೇ ಇರಬೇಕು, ನನಗೆ ಈಗಲೂ ಅನುಮಾನವಿಲ್ಲ.

ಎತ್ತರದ ಬಾಯಿ ಈಗ ಅವರ ಮನೆಯ ಕಡೆಗಿತ್ತು. ಹೊಗೆಯೆಲ್ಲ ನೇರ ಅವರ ಕಿಟಕಿಗೆ. "ಹೊಗಿ ನಿಮ್ಮ ಕಡೇನ ಬರತೈತಿ ನೋಡ್ರಿ" ಎಂದೆ, ಒಳಗೊಳಗೇ ಖುಷಿಯಾಗಿ.

"ಗೊತ್ತೈತಿ. ಹೊಗಿ ಬಂದ್ರ ಕೆಮ್ಮು, ತಗಡು ಬಂದ್ರ ಹೆಣ."

ಕೊನೆಯ ದಿನ ನನ್ನ ಗಂಡನನ್ನು ಅಡ್ಡಪೈಪಿಗೆ ಜೋತುಬೀಳಲು ಹೇಳಿದರು. ಎಂಬತ್ತು ಕಿಲೋದ ಆಳು ಬಾವಲಿಯಂತೆ ತೂಗಾಡಿದರೂ ಚಪ್ಪರ ಕಿರ್ ಎನ್ನಲಿಲ್ಲ. ನಾನು ಚಹಾ ತಂದಿಟ್ಟೆ. ಐದು ದಿನವೂ ತಂದಿಡುತ್ತಿದ್ದೆ, ಐದು ದಿನವೂ ಅದು ಆರಿ ಹೋಗುತ್ತಿತ್ತು.

"ಚಾ ಬ್ಯಾಡ. ಒಂದ ಮಾತು ಬೇಕು. ತಪ್ಪು ನಂದ ಅನ್ನು" ಎಂದರು.

ಗಂಡ ನನ್ನ ಮುಖ ನೋಡಿದರು. ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ತಪ್ಪು ಗಾಳಿದು" ಎಂದೆ.

ಅವರು ಎದ್ದು ಹೊರಟುಹೋದರು.

ಆಮೇಲಿನ ಮೂರು ವರ್ಷ ನಮ್ಮಿಬ್ಬರ ನಡುವೆ ಇದ್ದದ್ದು ಆ ಒಂದೇ ಮಾತು. ಶನಿವಾರ ನಾನು ಒಲೆ ಹೊತ್ತಿಸಿದ ಕೂಡಲೇ ಅವರ ಕಿಟಕಿಗಳು ದಡ್ ದಡ್ ಎಂದು ಮುಚ್ಚುತ್ತಿದ್ದವು. ಬೇಕೆಂದೇ ಓಣಿಗೆ ಕೇಳುವಂತೆ ಕೆಮ್ಮುತ್ತಿದ್ದರು. ಗೋಡೆಯ ಮೇಲೆ ಮುಖ ಕಂಡರೆ ಮೊದಲ ಮಾತೇ, "ಅಂತೀಯೋ ಇಲ್ಲೋ?" ನನ್ನ ಉತ್ತರ, "ಗಾಳಿಗೆ ಕೇಳ್ರಿ." ಹಬ್ಬದ ದಿನವೂ ಅಷ್ಟೇ. ಅವರಿಗೆ ಬೇಕಾಗಿದ್ದದ್ದು ದುಡ್ಡಲ್ಲ, ಸೇವೆಯಲ್ಲ, ಆ ಎರಡು ಶಬ್ದ. ನನಗೆ ಕೊಡಲಾಗದೆ ಹೋದದ್ದೂ ಅದೊಂದೇ. ಒಪ್ಪಿಕೊಂಡರೆ ಕ್ಷಮಿಸುವ ಜಾತಿಯ ಮನುಷ್ಯನೇ ಅವರು? ಕಾಲೊನಿಯ ಮನೆಮನೆಗೆ ಡಂಗುರ ಸಾರುತ್ತಿದ್ದರು. ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜ ಅದಲ್ಲ. ಗಾಳಿಯ ತಪ್ಪಲ್ಲ ಎಂದರೆ, ತಮಾಷೆ ನೋಡಲು ಬಂದಿದ್ದರು ಎಂದದ್ದೂ ಸುಳ್ಳು ಎನ್ನಬೇಕಾಗುತ್ತಿತ್ತು. ಅದಕ್ಕೆ ನನಗೆ ಬಾಯಿ ಬರಲಿಲ್ಲ.

ನನ್ನ ಕೆಲಸ ಬೆಳೆಯಿತು. ಎಂಥ ಮಳೆಯಲ್ಲೂ ಒಂದು ಶನಿವಾರ ತಪ್ಪಲಿಲ್ಲ. ತಲೆಯ ಮೇಲೆ ತಗಡಿನ ಸದ್ದು ಜೋರಾದಾಗೆಲ್ಲ ಹನಿ ತಾಗದೆ ನಿಂತು ಆ ಮುದುಕನನ್ನು ಬೈದುಕೊಳ್ಳುತ್ತಿದ್ದೆ. ಉಪಕಾರ ಮಾಡಿದವರನ್ನು ದ್ವೇಷಿಸುವುದು ಎಷ್ಟು ಕಷ್ಟದ ಕೆಲಸ ಎಂದು ಮಾಡಿದವರಿಗೇ ಗೊತ್ತು.

ಹೋದ ಶ್ರಾವಣದಲ್ಲಿ ಒಂದು ಶನಿವಾರ ಬೆಳಿಗ್ಗೆ ಅವರು ತೀರಿಕೊಂಡರು. ಪೇಪರು ಹಿಡಿದು ಕೂತವರು ಹಾಗೆಯೇ ಒರಗಿದರಂತೆ. ಕಾಕು ಅತ್ತದ್ದು ಗೋಡೆಯಾಚೆಯಿಂದ ಕೇಳಿತು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ನೆರೆಯವರು ಅನ್ನ ಒಯ್ಯಬೇಕು. ಬಾಗಲಕೋಟೆ ಕಡೆಯ ನೆಂಟರು ಮಧ್ಯಾಹ್ನದ ಹೊತ್ತಿಗೆ ಕಾಚಿಗೂಡದಲ್ಲಿ ಇಳಿಯುವವರಿದ್ದರು. ನಲವತ್ತು ಜನಕ್ಕೆ ಅಡುಗೆಯಾಗಬೇಕು. ಹೊರಗೆ ಮಳೆ, ಪಶ್ಚಿಮದಿಂದ ಅಡ್ಡಡ್ಡ ಹೊಡೆಯುವ ಮಳೆ. ಆ ದಿನದ ಗಿರಾಕಿಗಳಿಗೆಲ್ಲ ಬೇಡ ಎಂದು ಫೋನು ಮಾಡಿ, ಹಿತ್ತಲಿನ ಒಲೆ ಹೊತ್ತಿಸಿದೆ. ಬದನೆಕಾಯಿ ಸುಟ್ಟೆ, ರೊಟ್ಟಿ ಬಡಿದೆ, ದೊಡ್ಡ ಪಾತ್ರೆಯಲ್ಲಿ ಬೇಳೆ ಸಾರಿಟ್ಟೆ. ಹೊಗೆ ಅವರ ಮನೆಯ ಕಡೆಗೇ ಹೋಯಿತು. ಕೆಮ್ಮು ಕೇಳಲಿಲ್ಲ. ರೊಟ್ಟಿ ಬಡಿಯುವಾಗ ನನಗೆ ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು. ಇಷ್ಟು ಬೇಗ ಹೋಗಬೇಕಾಗಿತ್ತೇ ಈ ಮನುಷ್ಯ? ಇನ್ನೊಂದು ಶನಿವಾರ, ಇನ್ನೊಂದೇ ಸಲ ಕೇಳಿದ್ದರೆ ನಾನು ಹೇಳುತ್ತಿದ್ದೆನೋ ಏನೋ.

ಮಣ್ಣು ಮಾಡಿ ಬಂದು ಎಲ್ಲರೂ ಸ್ನಾನ ಮಾಡಿದ ಮೇಲೆ ಊಟ ಒಯ್ದೆ. ಗಂಡಸರು ಪಡಸಾಲೆಯಲ್ಲಿ ಸಾಲಾಗಿ ಕೂತರು. ಕಾಕು ಒಳಗೆ ಗೋಡೆಗೆ ಒರಗಿದ್ದರು, ಬೆಳಗಿನಿಂದ ಒಂದು ಗುಟುಕು ನೀರೂ ಕುಡಿದಿರಲಿಲ್ಲ. ಅವರ ಮುಂದೆ ತಟ್ಟೆ ಇಟ್ಟು ಕೂತೆ. ನೀಡಬೇಕೆಂದು ಕೈ ಎತ್ತಿದವಳ ಬಾಯಿಗೆ ಆ ಮಾತೇ ಬಂತು.

"ಕಾಕು, ಅವತ್ತ ಗಾಳಿ ಅಲ್ರಿ. ಕಾಕಾರ ಕೈ ನಾನ ಮುರದೆ. ತಪ್ಪು ನಂದ. ಅವರು ಮೆಣಸಿನಕಾಯಿ ತಗೊಳಾಕ ಬಂದಿದ್ರು, ಅದನ್ನೂ ನಾ ಕಣ್ಣಾರೆ ನೋಡಿದ್ದೆ."

ಸುತ್ತ ಕೂತಿದ್ದ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಕಾಕು ನನ್ನನ್ನು ಒಂದು ಗಳಿಗೆ ನೋಡಿದರು. ಬೈಯಲಿಲ್ಲ, ಅಳಲೂ ಇಲ್ಲ. ತಟ್ಟೆಯನ್ನು ತಮ್ಮ ಹತ್ತಿರ ಎಳೆದುಕೊಂಡರು.

"ಗೊತ್ತೈತಿ. ನೀಡು, ಹೊಟ್ಟಿ ಹಸದೈತಿ" ಎಂದರು.

ನೀಡಿದೆ. ಅವರು ರೊಟ್ಟಿ ಮುರಿದು ಒಂದು ತುತ್ತು ಬಾಯಿಗಿಟ್ಟು, ನಿಧಾನವಾಗಿ ಅಗಿದು ನುಂಗಿದರು. ಆಮೇಲೆ, ನನ್ನ ಮುಖ ನೋಡದೆ ಹೇಳಿದರು.

"ಅವರಿಗೆ ಹೇಳಬೇಕಿತ್ತು."